ಬೆಳಕಿನ ಲೆಕ್ಕ ಕಲಿತ ಪೋಸ್ಟ್‌ಮಾಸ್ಟರು

ಹಳೆಯ ಮನೆಗಳ ಜಗುಲಿಯ ಗೋಡೆಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ದೇವರ ಪಟಗಳ ಸಾಲು ಮುಗಿದ ಮೇಲೆ ಹಿರಿಯರ ಸಾಲು ಶುರುವಾಗುತ್ತದೆ. ಕೋಟು ತೊಟ್ಟು, ರುಮಾಲು ಸುತ್ತಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಅಜ್ಜ. ಕುರ್ಚಿಯ ಬೆನ್ನು ಹಿಡಿದು ನಿಂತ ಅಜ್ಜಿ. ಆಮೇಲೆ ಯಾರದೋ ಮದುವೆಯ ಗುಂಪು ಚಿತ್ರ. ಎಪ್ಪತ್ತು ಎಂಬತ್ತು ವರ್ಷ ಬಾಳಿ ಹೋದ ಮನುಷ್ಯನಿಗೆ ಉಳಿದ ಸಾಕ್ಷಿ ಒಂದೋ ಎರಡೋ ಫೋಟೊ. ಅದೂ ಇಲ್ಲದೆ ಹೋದವರಿಗೆ ಲೆಕ್ಕವಿಲ್ಲ. 1993ರಲ್ಲಿ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಹೊರಟ ಮೇಲೆ, ಹಳ್ಳಿಗಳ ಎಷ್ಟೋ ಅಜ್ಜಿಯರು ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಕುಳಿತರು. ಅವರಲ್ಲಿ ಕೆಲವರಿಗೆ ಅದೇ ಕೊನೆಯ ಸಲವೂ ಆಯಿತು.

ಈಗ ಆ ಬಡತನವಿಲ್ಲ. ದನ ಕಾಯುವ ಹುಡುಗನ ಜೇಬಿನಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಊಟದೆಲೆಯ ಫೋಟೊ, ಬೆಕ್ಕಿನ ಫೋಟೊ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಬಸ್ಸಿನ ಫೋಟೊ ಎಂದು ಒಂದೊಂದು ಮೊಬೈಲಿನಲ್ಲೂ ಸಾವಿರಗಟ್ಟಲೆ ಚಿತ್ರಗಳು. ಆದರೆ ‘ನಿಮ್ಮ ತಾಯಿಯವರದ್ದು ಒಂದು ಒಳ್ಳೆಯ ಫೋಟೊ ಕೊಡಿ’ ಎಂದು ಕೇಳಿ ನೋಡಿ. ಬೆರಳು ಪರದೆಯನ್ನು ಉಜ್ಜುತ್ತಲೇ ಇರುತ್ತದೆ, ಫೋಟೊ ಮಾತ್ರ ಸಿಗುವುದಿಲ್ಲ. ಒತ್ತುವುದು ಸುಲಭವಾಯಿತು. ನೋಡುವುದನ್ನು ಕಲಿಯುವ ಕೆಲಸ ಮಾತ್ರ ಮೊದಲು ಎಷ್ಟು ಕಷ್ಟವಿತ್ತೋ ಈಗಲೂ ಅಷ್ಟೇ ಕಷ್ಟದ್ದು.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನ ನಿವೃತ್ತ ಪೋಸ್ಟ್‌ಮಾಸ್ಟರರಿಗೆ ಈ ಕೆಲಸಕ್ಕೆ ಕೈಹಾಕುವ ಮನಸ್ಸು ಬಂದದ್ದು ಅರವತ್ತು ದಾಟಿದ ಮೇಲೆ. ಅವರ ಮನೆಯ ಗೋಡೆಯ ಮೇಲೂ ತಾಯಿಯ ಚಿತ್ರವೊಂದಿದೆ. ಮತದಾರರ ಚೀಟಿಯ ಹೆಬ್ಬೆರಳಗಲದ ಪಟವನ್ನೇ ದೊಡ್ಡದು ಮಾಡಿಸಿದ್ದು. ದೊಡ್ಡದು ಮಾಡುವಾಗ ಮುಖ ಕಲಸಿಹೋದದ್ದರಿಂದ ಯಾರೋ ಕುಂಚ ಹಿಡಿದು ಹುಬ್ಬು ತಿದ್ದಿ, ಕಣ್ಣಿಗೆ ಕಪ್ಪು ತುಂಬಿ, ಎಂದೂ ಉಡದ ಬಣ್ಣದ ಸೀರೆ ಉಡಿಸಿದ್ದಾರೆ. ನೋಡಿದವರು ‘ಲಕ್ಷಣವಾಗಿದ್ದಾರೆ’ ಎನ್ನುತ್ತಾರೆ. ಮಗನಿಗೆ ಮಾತ್ರ ಗೊತ್ತು, ಆ ಕಣ್ಣು ಅಮ್ಮನದಲ್ಲ, ಬಣ್ಣ ಹಚ್ಚಿದವನದು.

ಬೆಂಗಳೂರಿನಲ್ಲಿರುವ ಮಗ ಹೊಸ ಮೊಬೈಲ್ ಕೊಂಡ ಮೇಲೆ ತನ್ನ ಹಳೆಯ ಡಿಜಿಟಲ್ ಕ್ಯಾಮೆರಾವನ್ನೂ 50 ಮಿಲಿಮೀಟರಿನ ಒಂದು ಲೆನ್ಸನ್ನೂ ‘ಅಪ್ಪಾ, ಸುಮ್ಮನೆ ಬಿದ್ದಿದೆ, ನೀವಿಟ್ಕೊಳ್ಳಿ’ ಎಂದು ಕೊಟ್ಟುಹೋದ. ಮೊಮ್ಮಗಳ ನಾಮಕರಣಕ್ಕೆ ಪೋಸ್ಟ್‌ಮಾಸ್ಟರು ಅದರ ತಿರುಗಣೆಯನ್ನು ‘ಆಟೋ’ದಲ್ಲಿಟ್ಟು ನಾನೂರು ಚಿತ್ರ ತೆಗೆದರು. ನಲವತ್ತು ವರ್ಷ ಅಂಚೆಯ ಠಸ್ಸೆ ಒತ್ತಿದ ಕೈ. ಗುಂಡಿಯನ್ನೂ ಹಾಗೆಯೇ ಗುದ್ದಿ ಒತ್ತಿದ್ದರಿಂದ ಅರ್ಧಕ್ಕರ್ಧ ಚಿತ್ರ ಅಲುಗಿದ್ದವು. ಉಳಿದವುಗಳಲ್ಲಿ ಒಬ್ಬರ ತಲೆಯಿಂದ ಶಾಮಿಯಾನದ ಕಂಬ ಮೊಳೆತಿತ್ತು, ಇನ್ನೊಬ್ಬರ ಮುಖ ಫ್ಲ್ಯಾಷಿನ ಹೊಡೆತಕ್ಕೆ ಸುಣ್ಣ ಬಳಿದ ಗೋಡೆಯಾಗಿತ್ತು. ಅದಕ್ಕೂ ಅವರು ಬೇಸರಪಡಲಿಲ್ಲ. ಚಿತ್ರಗಳಲ್ಲಿ ಹೆಂಡತಿಯನ್ನು ಹುಡುಕಿದಾಗ ಮಾತ್ರ ಮನಸ್ಸಿಗೆ ಪಿಚ್ಚೆನ್ನಿಸಿತು. ನಾನೂರರಲ್ಲಿ ಆಕೆ ಸಿಕ್ಕಿದ್ದು ಏಳರಲ್ಲಿ. ಆ ಏಳರಲ್ಲಿ ಐದು ಬರಿ ಬೆನ್ನು. ಕ್ಯಾಮೆರಾ ಕಂಡರೆ ಆಕೆಗೆ ಒಳಗೆ ಏನೋ ಉಕ್ಕುತ್ತಿರುವುದು ನೆನಪಾಗುತ್ತದೆ.

ಮರುದಿನವೇ ಅವರು ಬಸ್‌ ಸ್ಟ್ಯಾಂಡಿನ ಹತ್ತಿರದ ಹಳೆಯ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಸ್ಟುಡಿಯೋ ಮಾಲೀಕರು ಫಿಲಂ ಕಾಲದವರು. ಕತ್ತಲೆಕೋಣೆಯ ಕೆಂಪು ದೀಪದಡಿ ಕಾಗದದ ಮೇಲೆ ಮುಖಗಳು ತೇಲಿಬರುವುದನ್ನು ಸಾವಿರಾರು ಸಲ ಕಂಡವರು. ಆ ಕೋಣೆಯಲ್ಲಿ ಈಗ ಜೆರಾಕ್ಸ್ ಯಂತ್ರವಿದೆ. ‘ಕಲಿಸ್ತೀನಿ ಪೋಸ್ಟ್‌ಮಾಸ್ಟ್ರೇ, ಆದ್ರೆ ಕ್ಯಾಮೆರಾ ಮನೇಲೇ ಇಟ್ಟು ಬನ್ನಿ. ಚಪ್ಪಲಿ ಅಂಗಡಿಯಿಂದ ಒಂದು ಖಾಲಿ ಡಬ್ಬ ತನ್ನಿ’ ಎಂದರು ಅವರು.

ಮೊದಲ ಪಾಠ ಚಪ್ಪಲಿ ಡಬ್ಬದಲ್ಲೇ ಆಯಿತು. ಒಂದು ಕಡೆ ಸೂಜಿಯಿಂದ ಚುಚ್ಚಿದ ತೂತು, ಎದುರು ಕಡೆ ಎಣ್ಣೆ ಸವರಿದ ಕಾಗದ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಬೀದಿಯ ಕಡೆ ತಿರುಗಿಸಿದರೆ ಕಾಗದದ ಮೇಲೆ ಬಸ್ಸು, ಆಟೋ, ಹೂವಿನ ಅಂಗಡಿ ಎಲ್ಲವೂ ತಲೆಕೆಳಗಾಗಿ ಮೂಡಿದವು. ಹೈಸ್ಕೂಲಿನಲ್ಲಿ ಎಲ್ಲರೂ ಓದಿ ಮರೆತ ಸಂಗತಿ ಇದು. ಬೆಳಕು ನೇರವಾಗಿ ಚಲಿಸುತ್ತದೆ. ಮೇಲಿನಿಂದ ಬಂದ ಕಿರಣ ತೂತು ದಾಟಿ ಕೆಳಗೆ ಬೀಳುತ್ತದೆ, ಕೆಳಗಿನದು ಮೇಲೆ ಬೀಳುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ಬಿಂಬ ಒಳಗಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೋಡಿ ಪ್ರವಾಸಿಗರು ಬೆರಗಾಗುತ್ತಾರಲ್ಲ, ಅಲ್ಲಿರುವುದೂ ಇದೇ ಸೂತ್ರ. ಆ ಕತ್ತಲ ಕೋಣೆ ಚಪ್ಪಲಿ ಡಬ್ಬದ ದೊಡ್ಡಣ್ಣ. ‘ಇಷ್ಟೇ ಕ್ಯಾಮೆರಾ. ಮಿಕ್ಕಿದ್ದೆಲ್ಲ ಅಲಂಕಾರ’ ಎಂದರು ಮಾಲೀಕರು.

ತೂತು ಚಿಕ್ಕದಾದಷ್ಟೂ ಬಿಂಬ ಸ್ಪಷ್ಟ, ಆದರೆ ಮಂಕು. ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಬಿಂಬ ಕಲಸಿಹೋಗುತ್ತದೆ. ಈ ಜಗಳ ಬಿಡಿಸಲು ಬಂದದ್ದು ಮಸೂರ. ದೊಡ್ಡ ಕಿಂಡಿಯಿಂದ ಬಂದ ಬೆಳಕನ್ನೂ ಅದು ಒಂದೆಡೆ ಕೂಡಿಸುತ್ತದೆ. ಆದರೂ ಜಗಳ ಪೂರ್ತಿ ಮುಗಿಯಲಿಲ್ಲ. ಮಸೂರ ಒಂದು ದೂರಕ್ಕೆ ಮಾತ್ರ ನಿಷ್ಠೆಯಿಂದಿರುತ್ತದೆ, ಹಿಂದೆ ಮುಂದೆ ಇದ್ದವು ಮಸುಕಾಗುತ್ತವೆ. ಆ ಮಸುಕು ಎಷ್ಟಿರಬೇಕು ಎಂಬುದನ್ನು ಕಿಂಡಿಯ ಅಳತೆ ತೀರ್ಮಾನಿಸುತ್ತದೆ.

ಎರಡನೆಯ ವಾರ ಅಂಕಿಗಳು ಬಂದವು. 2, 2.8, 4, 5.6, 8, 11, 16. ಇವು ಎಫ್ ಸಂಖ್ಯೆಗಳು, ಮಸೂರದ ಸಂಗಮ ದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಲೆಕ್ಕ. 50 ಮಿ.ಮೀ. ಲೆನ್ಸಿನಲ್ಲಿ ಎಫ್ 2 ಎಂದರೆ 25 ಮಿ.ಮೀ. ಅಗಲದ ಕಿಂಡಿ, ಎಫ್ 16 ಎಂದರೆ ಬರಿ 3 ಮಿ.ಮೀ. ಸಂಖ್ಯೆ ಹಿರಿದಾದರೆ ಕಿಂಡಿ ಕಿರಿದು! ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಶಟರಿನ ವೇಗವೂ ಹಾಗೆಯೇ: ಸೆಕೆಂಡಿನ 60ರಲ್ಲಿ ಒಂದು ಭಾಗ, 125ರಲ್ಲಿ ಒಂದು, 250ರಲ್ಲಿ ಒಂದು. ಇದೂ ಅರ್ಧರ್ಧದ ಏಣಿ.

ಲೆಕ್ಕವೆಂದರೆ ಪೋಸ್ಟ್‌ಮಾಸ್ಟರರಿಗೆ ಭಯವಿಲ್ಲ. ಒಂದು ನೋಟುಬುಕ್ಕು ತಂದು ಗೆರೆ ಹಾಕಿ ಖಾನೆ ಮಾಡಿದರು. ಮಾಲೀಕರು ಹಳೆಯ ಫಿಲಂ ಡಬ್ಬಿಗಳ ಮೇಲೆ ಬರೆದಿರುತ್ತಿದ್ದ ನಿಯಮವನ್ನೇ ಹೇಳಿಕೊಟ್ಟರು. ನೆತ್ತಿಯ ಮೇಲಿನ ಒಳ್ಳೆಯ ಬಿಸಿಲಿಗೆ ಕಿಂಡಿ ಎಫ್ 16 ಇರಲಿ. ಐಎಸ್‌ಒ 100 ಆದರೆ ಶಟರು ಹೆಚ್ಚುಕಡಿಮೆ ಅದೇ ಸಂಖ್ಯೆಯದು, ಅಂದರೆ 125ರಲ್ಲಿ ಒಂದು ಸೆಕೆಂಡು. ಕಿಂಡಿಯನ್ನು ಎಫ್ 8ಕ್ಕೆ ಹಿಗ್ಗಿಸಿದರೆ ಬೆಳಕು ನಾಲ್ಕು ಪಾಲು, ಆಗ ಶಟರನ್ನು 500ಕ್ಕೆ ಏರಿಸಿ. ಎಫ್ 2.8 ಮಾಡಿದರೆ 4000ಕ್ಕೆ. ಒಳಗೆ ಬೀಳುವ ಬೆಳಕು ಮೂರರಲ್ಲೂ ಒಂದೇ.

‘ಇದು ಸ್ಟಾಂಪಿನ ಲೆಕ್ಕ ಮಾರಾಯ್ರೇ!’ ಎಂದು ಪೋಸ್ಟ್‌ಮಾಸ್ಟರು ಹಿಗ್ಗಿದರು. ಲಕೋಟೆಗೆ ಐದು ರೂಪಾಯಿಯ ಒಂದು ಚೀಟಿ ಹಚ್ಚಿದರೂ ಸರಿ, ಒಂದು ರೂಪಾಯಿಯ ಐದು ಹಚ್ಚಿದರೂ ಸರಿ, ಪತ್ರ ಊರು ಸೇರುತ್ತದೆ.

‘ಪತ್ರ ಸೇರುತ್ತೆ, ನಿಜ. ಆದ್ರೆ ಒಳಗಿನ ಒಕ್ಕಣೆ ಬೇರೆ ಆಗುತ್ತೆ’ ಎಂದರು ಮಾಲೀಕರು. ಕಲೆ ಬಾಗಿಲು ತೆರೆಯುವುದು ಈ ಮಾತಿನಲ್ಲೇ. ಎಫ್ 16ರಲ್ಲಿ ತೆಗೆದರೆ ಎದುರು ನಿಂತವನ ಮುಖವೂ, ಹಿಂದಿನ ಮನೆಯ ಹೆಂಚೂ, ಆಚೆಯ ಗುಡ್ಡವೂ ಸ್ಪಷ್ಟ. ಎಫ್ 2.8ರಲ್ಲಿ ಮುಖ ಮಾತ್ರ ಉಳಿದು ಲೋಕ ಮಂಜಾಗುತ್ತದೆ. ಒಂದರಲ್ಲಿ ‘ಇವನು ಈ ಊರಿನವನು’ ಎಂದು ಹೇಳಿದಂತಾಯಿತು, ಇನ್ನೊಂದರಲ್ಲಿ ‘ಇವನನ್ನು ನೋಡಿ’ ಎಂದು. ಬೆಳಕಿನ ಒಟ್ಟು ಮೊತ್ತವನ್ನು ವಿಜ್ಞಾನ ಗೊತ್ತುಮಾಡುತ್ತದೆ. ಆ ಮೊತ್ತವನ್ನು ಯಾವ ಚಿಲ್ಲರೆಯಲ್ಲಿ ಕೊಡಬೇಕು ಎಂಬುದು ಮಾತ್ರ ತೆಗೆಯುವವನ ಮನಸ್ಸಿಗೆ ಬಿಟ್ಟದ್ದು. ತಂತ್ರ ಒಂದು ಕಡೆ, ಕಲೆ ಇನ್ನೊಂದು ಕಡೆ ಎಂದು ಭಾಗ ಮಾಡಿಕೊಂಡವರಿಗೆ ಎರಡೂ ದಕ್ಕುವುದಿಲ್ಲ.

ಸಮಯದ ಮಹಿಮೆ ತಿಳಿಯಬೇಕಾದರೆ 1838ರಲ್ಲಿ ಡಾಗೆರ್ ಎಂಬಾತ ಪ್ಯಾರಿಸ್ಸಿನ ಒಂದು ಬೀದಿಯನ್ನು ತೆಗೆದ ಚಿತ್ರವನ್ನು ನೋಡಬೇಕು. ಹಗಲು ಹೊತ್ತು, ಗಿಜಿಗುಡುವ ದಾರಿ. ಆದರೆ ಚಿತ್ರದಲ್ಲಿ ಬೀದಿ ಪೂರ್ತಿ ಖಾಲಿ! ಬೆಳಕು ಕುಡಿಯಲು ಆ ಕಾಲದ ತಗಡಿಗೆ ಹಲವು ನಿಮಿಷ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ಓಡಾಡುವ ಜನ, ಗಾಡಿ, ಕುದುರೆ ಯಾವುದೂ ಗುರುತು ಬಿಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದು ಮೂಲೆಯಲ್ಲಿ ನಿಂತಿದ್ದವನೊಬ್ಬ ಮಾತ್ರ ಉಳಿದುಕೊಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಎಂದು ಅವನನ್ನು ಹೇಳುತ್ತಾರೆ. ಹೆಸರು ಯಾರಿಗೂ ಗೊತ್ತಿಲ್ಲ. ಈ ಕಥೆ ಕೇಳಿದ ಪೋಸ್ಟ್‌ಮಾಸ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯಲ್ಲಿ ಒಂದು ಕಡೆ ನಿಲ್ಲದೆ ಓಡಾಡುವವರೇ ಚಿತ್ರದಿಂದ ಮಾಯವಾಗುತ್ತಾರೆ ಎಂಬುದು ಅವರಿಗೆ ಹೊಸ ಸಂಗತಿಯೇನಲ್ಲ.

ಮೂರನೆಯ ಪಾಠ ಎಮ್ಮೆಯದು. ಬಿಳಿ ಪಂಚೆ ಉಟ್ಟ ನೆರೆಯವರನ್ನು ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿ ತೆಗೆದರೆ ಪಂಚೆ ಮಾಸಲಾಗಿ ಬಂತು. ಕೊಟ್ಟಿಗೆಯ ಕರಿ ಎಮ್ಮೆಯನ್ನು ಚೌಕಟ್ಟಿನ ತುಂಬ ತೆಗೆದರೆ ಅದು ಬೂದಿ ಬಳಿದುಕೊಂಡ ಬೈರಾಗಿಯಾಯಿತು. ಕ್ಯಾಮೆರಾ ಕೆಟ್ಟಿದೆಯೇ? ಇಲ್ಲ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಎಮ್ಮೆಯೂ ತಿಳಿಯದು, ಪಂಚೆಯೂ ತಿಳಿಯದು. ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಮರಳಿಸುವಂಥದ್ದು ಎಂದು ನಂಬಿ ಅದು ಲೆಕ್ಕ ಹಾಕುತ್ತದೆ. ಆದ್ದರಿಂದ ಬಿಳಿಗೆ ಒಂದು ಮೆಟ್ಟಿಲು ಹೆಚ್ಚು ಬೆಳಕು, ಕಪ್ಪಿಗೆ ಒಂದು ಮೆಟ್ಟಿಲು ಕಡಿಮೆ ಬೆಳಕು ಕೊಟ್ಟು ತಿದ್ದಬೇಕು. ಮೊದಲು ಕೇಳಿದಾಗ ಇದು ತಿರುಗುಮುರುಗು ಅನ್ನಿಸುತ್ತದೆ, ಮಾಡಿ ನೋಡಿದರೆ ಎಮ್ಮೆ ಎಮ್ಮೆಯಾಗಿ ಎದ್ದು ನಿಲ್ಲುತ್ತದೆ. ಯಂತ್ರಕ್ಕೆ ಸರಾಸರಿ ಗೊತ್ತು, ಎದುರಿಗಿರುವವರು ಯಾರೆಂದು ಗೊತ್ತಿಲ್ಲ. ಅದನ್ನು ಹೇಳಿಕೊಡಬೇಕಾದವನು ಮನುಷ್ಯ. ಇಂದಿನ ಮೊಬೈಲುಗಳು ಮುಖವನ್ನು ಗುರುತಿಸಿ ತಾವೇ ಎಷ್ಟೋ ತಿದ್ದಿಕೊಳ್ಳುತ್ತವೆ, ಹಿನ್ನೆಲೆಯ ಮಸುಕನ್ನೂ ಗಣಿತದಿಂದಲೇ ಬಳಿಯುತ್ತವೆ. ಆದರೂ ಆ ಮುಖವನ್ನು ಯಾವ ಕಿಟಕಿಯ ಹತ್ತಿರ, ಯಾವ ಗಳಿಗೆಯಲ್ಲಿ ಹಿಡಿಯಬೇಕೆಂದು ಅವು ಹೇಳುವುದಿಲ್ಲ.

ಅಲ್ಲಿಂದ ಮುಂದೆ ಪಾಠ ಮುಖಗಳದ್ದು. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ಏಕೆ ದಪ್ಪವಾಗುತ್ತದೆ? ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರ. ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ಇದ್ದರೆ ಕಿವಿ ಇರುವುದು 42ರಲ್ಲಿ, ಮೂಗು ಕಿವಿಗಿಂತ ಒಂದೂಕಾಲು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಒಂದೂವರೆ ಮೀಟರು ಹಿಂದೆ ಸರಿದರೆ ಆ ವ್ಯತ್ಯಾಸ ನೂರಕ್ಕೆ ಎಂಟರಷ್ಟು ಮಾತ್ರ. ಆದ್ದರಿಂದ ಮುಖ ತೆಗೆಯುವವನು ನಾಲ್ಕೈದು ಅಡಿ ದೂರ ನಿಲ್ಲಬೇಕು. ಮಕ್ಕಳಾದರೆ ಕುಕ್ಕರಗಾಲಲ್ಲಿ ಕೂತು ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಗುಂಡಿ ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಮೂಲೆಗೂ ಕಣ್ಣು ಹಾಯಿಸಿ ಕಂಬ, ಬಕೆಟ್ಟು, ಕ್ಯಾಲೆಂಡರುಗಳನ್ನು ಹೊರಗೆ ಕಳಿಸಬೇಕು. ಬೆರಳು ಗುಂಡಿಯನ್ನು ಗುದ್ದಬಾರದು, ಹಣ್ಣನ್ನು ಒತ್ತಿ ನೋಡುವ ಹಾಗೆ ಮೆಲ್ಲಗೆ ಒತ್ತಬೇಕು. ಠಸ್ಸೆಯ ಅಭ್ಯಾಸ ಬಿಡಲು ಪೋಸ್ಟ್‌ಮಾಸ್ಟರರಿಗೆ ಒಂದು ತಿಂಗಳೇ ಹಿಡಿಯಿತು.

ಗುರುಗಳು ಹಾಕಿದ ಕಟ್ಟಳೆ ಇನ್ನೂ ಬಿಗಿಯಾದದ್ದು: ವಾರಕ್ಕೆ ಹನ್ನೆರಡೇ ಚಿತ್ರ. ಒಂದು ಕಾಲದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಕಾಣುತ್ತಿದ್ದ ಅಗ್ಫಾ ಕ್ಲಿಕ್-3 ಡಬ್ಬಿ ಕ್ಯಾಮೆರಾದ ರೋಲಿನಲ್ಲಿ ಹನ್ನೆರಡೇ ಚಿತ್ರ ಬರುತ್ತಿದ್ದವು. ಒಂದು ಚಿತ್ರ ಕೆಟ್ಟರೆ ಕಾಸೂ ಹೋಯಿತು, ಗಳಿಗೆಯೂ ಹೋಯಿತು. ಆದ್ದರಿಂದ ಒತ್ತುವ ಮೊದಲು ಜನ ಯೋಚಿಸುತ್ತಿದ್ದರು. ಈಗ ಒತ್ತಿದ ಮೇಲೂ ಯೋಚಿಸುವುದಿಲ್ಲ. ಹನ್ನೆರಡು ಎಂದು ಗೊತ್ತಾದ ಮೇಲೆ ಪೋಸ್ಟ್‌ಮಾಸ್ಟರು ಕ್ಯಾಮೆರಾ ಇಲ್ಲದಾಗಲೂ ನೋಡತೊಡಗಿದರು. ಸಂತೆಯಲ್ಲಿ ತೆಂಗಿನಕಾಯಿಯವನ ಮುಖದ ಮೇಲೆ ಟಾರ್ಪಾಲಿನಿಂದ ಸೋರಿದ ಬೆಳಕು, ಮಳೆ ನಿಂತ ಮೇಲೆ ರಸ್ತೆಯ ನೀರಿನಲ್ಲಿ ಬಿದ್ದ ಆಕಾಶ, ಸಂಜೆ ಐದರ ಬಿಸಿಲಿನಲ್ಲಿ ಬಂಗಾರದ ಅಂಚು ಕಟ್ಟಿಕೊಂಡ ದನಗಳ ಸಾಲು.

ಮಾಲೀಕರು ದೊಡ್ಡವರ ಚಿತ್ರಗಳನ್ನೂ ತೋರಿಸಿದರು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ತಮ್ಮ ಕ್ಯಾಮೆರಾವನ್ನು ಹೆಚ್ಚಾಗಿ ತಿರುಗಿಸಿದ್ದು ಸಾಮಾನ್ಯ ಜನರ ಕಡೆಗೆ, ಮಕ್ಕಳ ಕಡೆಗೆ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನ ಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದವರು. 1983ರಲ್ಲಿ ಬಂದ ತಮ್ಮ ಇಂಗ್ಲಿಷ್ ಪುಸ್ತಕಕ್ಕೆ ಅವರು ಬಿಸಿಲು ನೆರಳು ಎಂಬರ್ಥದ ಹೆಸರನ್ನೇ ಇಟ್ಟರು. ಮೂಡಿಗೆರೆಯ ಕಾಫಿತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳಿಗಾಗಿ ಕಾದವರು. ಫ್ರಾನ್ಸಿನ ಕಾರ್ಟಿಯೆ ಬ್ರೆಸ್ಸೋ ಜೀವಮಾನದ ಬಹುಪಾಲು ಕೆಲಸವನ್ನು ಒಂದೇ 50 ಮಿ.ಮೀ. ಲೆನ್ಸಿನಲ್ಲಿ ಮುಗಿಸಿದವರು. ‘ನಿಮ್ಮ ಹತ್ರಾನೂ ಅದೇ ಲೆನ್ಸಿದೆ’ ಎಂದು ಮಾಲೀಕರು ನಕ್ಕರು. ಇವರೆಲ್ಲರಿಗೂ ಕಿಂಡಿ, ಶಟರುಗಳ ಲೆಕ್ಕ ಬೆರಳ ತುದಿಯಲ್ಲಿ ಕರಗಿತ್ತು. ಲೆಕ್ಕ ಹಾಗೆ ಕರಗಿದ ಮೇಲೆ ಕಣ್ಣಿಗೆ ಪೂರ್ತಿ ಬಿಡುವು ಸಿಗುತ್ತದೆ. ಕಾಯುವುದು ಆಗ ಸಾಧ್ಯ.

ಪೋಸ್ಟ್‌ಮಾಸ್ಟರು ಕಾದದ್ದು ಮನೆಯಲ್ಲೇ. ಅವರ ಅಡುಗೆಮನೆಯ ಪಕ್ಕದ ಪಡಸಾಲೆಗೆ ಪೂರ್ವದ ಕಡೆ ಒಂದು ಕಿಟಕಿ. ಬೆಳಗ್ಗೆ ಎಂಟೂವರೆಗೆ ಎದುರಿನ ಹಲಸಿನ ಮರ ಬಿಸಿಲನ್ನು ಸೋಸಿ ಒಳಗೆ ಕಳಿಸುತ್ತದೆ. ಹೆಂಡತಿ ಮೊರ ಹಿಡಿದು ಅಕ್ಕಿ ಆರಿಸಲು ಕೂರುವುದೂ ಅದೇ ಹೊತ್ತಿಗೆ. ಕಿಟಕಿಯಿಂದ ಒಂದು ಮೀಟರು ದೂರದಲ್ಲಿದ್ದ ಮಣೆ ಎರಡು ಮೀಟರಿಗೆ ಹೋದರೆ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ ಎಂದು ಅವರು ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದರು. ಮಣೆಯನ್ನು ದಿನಕ್ಕೆ ಒಂದೊಂದು ಗೇಣಿನಂತೆ ಸದ್ದಿಲ್ಲದೆ ಕಿಟಕಿಯ ಹತ್ತಿರ ಸರಿಸಿದರು. ಎದುರು ಗೋಡೆಯ ಮೇಲಿನ ಬಿಳಿ ಪಂಚೆ ಒಣಗಲು ಹಾಕಿದ್ದಲ್ಲ, ನೆರಳಾದ ಕೆನ್ನೆಗೆ ಬೆಳಕು ಮರಳಿಸಲಿ ಎಂದು ಇಳಿಬಿಟ್ಟದ್ದು. ಐಎಸ್‌ಒ 400, ಎಫ್ 2.8, ಶಟರು 125. ಆ ಕಿಂಡಿಯಲ್ಲಿ, ಐದು ಅಡಿ ದೂರದಿಂದ, ಸ್ಪಷ್ಟವಾಗಿ ಬರುವುದು ಸುಮಾರು ಹತ್ತು ಸೆಂಟಿಮೀಟರು ಆಳ ಮಾತ್ರ. ಆದ್ದರಿಂದ ಫೋಕಸ್ಸು ಕಣ್ಣಿನ ಮೇಲೇ ಇರಬೇಕು. ಬಣ್ಣ ಹಚ್ಚುವವನಿಗೆ ಈ ಸಲ ಕಣ್ಣು ಬಿಟ್ಟುಕೊಡಬಾರದು.

ಮೊದಲ ದಿನ ಆಕೆ ಸೆರಗು ಅಡ್ಡ ಹಿಡಿದರು. ಎರಡನೆಯ ದಿನ, ‘ಸಾಕು ಸುಮ್ನಿರೀಂದ್ರೆ, ಈ ವಯಸ್ಸಲ್ಲಿ ಏನು ಫೋಟೊ’ ಎಂದರು. ನಾಲ್ಕನೆಯ ದಿನಕ್ಕೆ ಕ್ಯಾಮೆರಾ ಮನೆಯ ಬೆಕ್ಕಿನಷ್ಟೇ ಮಾಮೂಲಾಗಿ, ಆಕೆ ಅದನ್ನು ಮರೆತರು. ಐದನೆಯ ದಿನ ಮೊರದಲ್ಲಿ ಏನೋ ಕಂಡು, ತಲೆ ಎತ್ತಿ, ‘ನಿಮ್ಮ ರೇಷನ್ ಅಕ್ಕೀಲಿ ಅಕ್ಕಿಗಿಂತ ಕಲ್ಲೇ ಚೆನ್ನಾಗಿವೆ ನೋಡಿ’ ಎಂದು ನಕ್ಕರು. ಶಟರು ಸೆಕೆಂಡಿನ 125ರಲ್ಲಿ ಒಂದು ಭಾಗ ತೆರೆದು ಮುಚ್ಚಿತು. ಆ ವಾರದ ಹನ್ನೆರಡರಲ್ಲಿ ಅದು ಮೂರನೆಯದು. ಉಳಿದ ಒಂಬತ್ತನ್ನು ಅವರು ತೆಗೆಯಲೇ ಇಲ್ಲ.

ಸ್ಟುಡಿಯೋದವರು ಪ್ರಿಂಟು ಮಾಡಿಕೊಟ್ಟು, ಕನ್ನಡಕ ಮೇಲೇರಿಸಿ ನೋಡಿ, ‘ಇದಕ್ಕೆ ದುಡ್ಡು ಬೇಡ’ ಎಂದರು. ಹೆಂಡತಿ ಅದನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕಣ್ಣಿನ ಸುತ್ತಲಿನ ಸುಕ್ಕು, ಬಿಳಿಯಾದ ಮುಂಗುರುಳು, ಮೂಗುತಿಯ ಮೇಲೆ ಕಿಟಕಿಯ ಒಂದು ಚುಕ್ಕಿ, ಯಾವುದನ್ನೂ ಯಾರೂ ತಿದ್ದಿರಲಿಲ್ಲ. ‘ಅತ್ತೆಯವರಿದ್ದಾಗ ನೀವಿದನ್ನ ಕಲಿತಿದ್ರೆ ಎಷ್ಟು ಚೆನ್ನಾಗಿತ್ತು’ ಎಂದರು ಕೊನೆಗೆ. ಪೋಸ್ಟ್‌ಮಾಸ್ಟರರು ಉತ್ತರ ಕೊಡಲಿಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣವೇ ಎಂದು ಕೇಳಿದ್ದಕ್ಕೆ, ‘ಗೋಡೆಗೆ ಈಗಲೇ ಏನವಸರ?’ ಎಂದು ಆಕೆ ಅದನ್ನು ಬೀರುವಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗಿಟ್ಟರು.

ಭಾನುವಾರ ಬೆಳಗ್ಗೆ ಕಾಫಿ ಕೊಡುತ್ತ ಆಕೆಯೇ ಮಾತು ತೆಗೆದರು. ‘ಆಚೆ ಮನೆ ಅಜ್ಜಿಗೆ ಎಂಬತ್ತೆಂಟು ತುಂಬಿತಂತೆ. ಮಕ್ಕಳ ಹತ್ರ ಅವರದ್ದೊಂದು ಫೋಟೊ ಇಲ್ಲ. ಈಗ್ಲೇ ಹೋಗ್ಬೇಡಿ, ಅವರ ಜಗುಲಿಗೆ ಬಿಸಿಲು ನೇರ ಹೊಡಿಯುತ್ತೆ. ಹತ್ತು ಗಂಟೆ ಮೇಲೆ ಹೋಗಿ, ಮಾಡಿನ ನೆರಳು ಬಂದಿರುತ್ತೆ, ಅಂಗಳದ ಬೆಳಕು ಮುಖಕ್ಕೆ ಬೀಳುತ್ತೆ.’